ಇಂಜಿನ್ನಿಗೆ ಹಿಡಿದ ಕೊಡೆ

ಮೊದಲು ದಾಟಿಯೇ ಹೋದೆ, ಸುಳ್ಳು ಯಾಕೆ.
ಎರ್ಮಾಳು ಕಳೆದ ಮೇಲೆ, ಮನೆಗಳ ಸಂದಿಯಲ್ಲಿ
ಕಡಲು ಒಮ್ಮೆ ಮಿಂಚಿ ಮರೆಯಾಗುವ ಕಡೆ
ಹಳೇ ಮಾರುತಿಯೊಂದು ಬಾಯಿ ತೆರೆದು ಆವಿ ಬಿಡುತ್ತಿತ್ತು.
ಪಕ್ಕದಲ್ಲಿ ಇಬ್ಬರು ಮುದುಕರು.

ನನ್ನ ಹಿಂದೆ ನಲವತ್ತು ಪೆಟ್ಟಿಗೆ ಬಂಗುಡೆ.
ಮೇ ತಿಂಗಳ ಇಪ್ಪತ್ತೆಂಟು,
ಇನ್ನು ಮೂರು ದಿನಕ್ಕೆ ಬೋಟು ಬಂದ್.
ಮಲ್ಪೆಯಿಂದ ಮಂಗಳೂರಿನ ಸಂಜೆ ಮಾರ್ಕೆಟ್ಟಿಗೆ
ಮುಟ್ಟುವುದರೊಳಗೆ ಮೀನಿನ ಕಣ್ಣು ಮಸುಕಾದರೆ
ರೇಟೂ ಮಸುಕು.
ಯಾರಾದರೂ ನಿಲ್ಲಿಸುತ್ತಾರೆ, ಅಂದುಕೊಂಡೆ.
ಹೆದ್ದಾರಿಯಲ್ಲಿ ಎಲ್ಲರೂ ಅಂದುಕೊಳ್ಳುವುದು ಅದನ್ನೇ.

ಆದರೆ ಕನ್ನಡಿಯಲ್ಲಿ ಕಂಡುಬಿಟ್ಟಿತು:
ಆ ಬಾಯಮ್ಮ ತನ್ನ ತಲೆ ಬಿಸಿಲಿಗೆ ಬಿಟ್ಟು
ಕಾದ ಇಂಜಿನ್ನಿನ ಮೇಲೆ ಕೊಡೆ ಹಿಡಿದಿದ್ದರು,
ಜ್ವರದ ಮಗುವಿಗೆ ಹಿಡಿದ ಹಾಗೆ.

ಇದಕ್ಕೆ ನಾನೇನು ಮಾಡಲಿ?
ಪಡುಬಿದ್ರಿಯಲ್ಲಿ ಡಿವೈಡರಿನ ಬಾಯಿ ಸಿಕ್ಕಿತು, ತಿರುಗಿಸಿದೆ.
ಹಿಂದೆ ಬಂದು ಉಚ್ಚಿಲದಲ್ಲಿ ಮತ್ತೆ ತಿರುಗಿಸಿದೆ.
ಈ ರಸ್ತೆಯಲ್ಲಿ ಒಳ್ಳೆಯವನಾಗಬೇಕಾದರೆ
ಒಂಬತ್ತು ಕಿಲೋಮೀಟರಿನ ಡೀಸೆಲು ಬೇಕು.

"ಈ ಏರ್ ಮಗಾ?" ತುಳುವಿನಲ್ಲಿ ಕೇಳಿದರು ಬಾಯಮ್ಮ,
ಗಂಡನಿಗೆ ಕೊಂಕಣಿಯಲ್ಲಿ ಬೈಯುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು.
ಕಾಪುವಿನವ, ದೂಮಣ್ಣ ಸುವರ್ಣರ ಕಿರಿಮಗ, ಅಂದೆ.
ಅಪ್ಪನನ್ನು ಬಲ್ಲವರಂತೆ ತಲೆಯಾಡಿಸಿದರು.
ಗಾಸ್ಪರ್ ಪೊರ್ಬುಗಳು ಮಾತ್ರ ಮುಖ ತಿರುಗಿಸಿ
"ನನಗೆ ಗೊತ್ತುಂಟು. ಮೂವತ್ತೊಂದು ವರ್ಷ
ಉಡುಪಿ ಮಂಗಳೂರು ಎಕ್ಸ್‌ಪ್ರೆಸ್ ಓಡಿಸಿದವ ನಾನು."
"ಹೌದೌದು," ಸೆವ್ರಿನ್ ಬಾಯಿ ಅಂದರು,
"ಮೂವತ್ತೊಂದು ವರ್ಷ ಇದೇ ದಾರಿಯಲ್ಲಿ
ಯಾರು ಕೈ ತೋರಿಸಿದರೂ ನಿಲ್ಲಿಸಲಿಲ್ಲ.
ಟೈಮಿಂಗ್ ಅಂತೆ, ಟೈಮಿಂಗ್."
ಪೊರ್ಬುಗಳು ರೇಡಿಯೇಟರಿನೊಳಗೆ ಇಣುಕಿದರು
ಉತ್ತರ ಅಲ್ಲೆಲ್ಲೋ ಬಿದ್ದಿರುವ ಹಾಗೆ.

ಹೋಸು ಒಡೆದಿತ್ತು.
ಪೆಟ್ಟಿಗೆ ಬಿಗಿಯುವ ಸೈಕಲ್ ಟ್ಯೂಬು ಕೊಯ್ದು ಸುತ್ತಿದೆ.
ಸುಮ್ಮನೆ ನನ್ನ ಕೈ ನೋಡುತ್ತಿದ್ದವರು
ಗಂಟಿನ ಮೇಲೆ ಬೆರಳಿಟ್ಟು "ಇನ್ನೊಂದು ಸುತ್ತು" ಅಂದರು.
ಅದು ಸರಿಯೇ.
ಐಸು ಕರಗಿದ ನೀರನ್ನು ಬೈರಾಸಿನಲ್ಲಿ ಸೋಸಿ ತಂದರೆ
"ಈಗಲೇ ಬೇಡ, ಬ್ಲಾಕು ಸೀಳೀತು, ಆರಲಿ" ಅಂದರು.
ಅದೂ ಸರಿಯೇ.
ಇಪ್ಪತ್ತು ನಿಮಿಷ. ಜೇಬಿನಲ್ಲಿ ಇಬ್ಬಿಚ್ಚನ ಫೋನು
ಒದ್ದಾಡಿ ಒದ್ದಾಡಿ ಸತ್ತಿತು.

ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ ಒಂದು ಕ್ಯಾನು.
ಕಿನ್ನಿಗೋಳಿಯಲ್ಲಿ ಸಂಜೆ ತಮ್ಮನ ಮೊಮ್ಮಗಳ ರೋಸ್,
ಮದುಮಗಳ ಮೈಗೆ ಹಚ್ಚುವ ತೆಂಗಿನ ಹಾಲು.
ಕಿನ್ನಿಗೋಳಿಯಲ್ಲಿ ತೆಂಗು ಇಲ್ಲವಾ, ಬಾಯಿ ತಪ್ಪಿ ಕೇಳಿದೆ.
ಹೆಬ್ಬೆರಳಿನ ಬ್ಯಾಂಡೇಜು ಎತ್ತಿ ತೋರಿಸಿದರು.
ಇಪ್ಪತ್ತೊಂದು ಕಾಯಿ. ತಾನೇ ಕೂತು ತುರಿದದ್ದು.
ಮುಚ್ಚಳ ತೆಗೆದು ಮೂಸಿದರು.
ಮತ್ತೊಮ್ಮೆ ಮೂಸಿದರು.
ಏನೂ ಹೇಳಲಿಲ್ಲ, ಕೊಡೆ ಮಾತ್ರ
ಇಂಜಿನ್ನು ಬಿಟ್ಟು ಕ್ಯಾನಿನ ಕಡೆ ಬಂತು.

ಎರಡು ಪೆಟ್ಟಿಗೆಯ ಐಸು ಬಗೆದೆ,
ಗೋಣಿಯಲ್ಲಿ ಸುತ್ತಿ ಕ್ಯಾನಿಗೆ ಒತ್ತಿ ಕಟ್ಟಿದೆ.
"ಬಂಗುಡೆ ನಾತ ಹಿಡಿದರೆ?"
"ಮದುಮಗ ಎಲ್ಲಿಯವ?"
"ತೊಟ್ಟಂ."
"ಹಾಗಾದರೆ ಗೊತ್ತೇ ಆಗುವುದಿಲ್ಲ ಬಾಯಮ್ಮ."
ನಕ್ಕರು, ಹಲ್ಲಿನ ಸೆಟ್ಟು ಬೀಳದಂತೆ ಬಾಯಿಗೆ ಕೈ ಒತ್ತಿಕೊಂಡು.

ಆ ರಾತ್ರಿ ಇಬ್ಬಿಚ್ಚನಿಗೆ ಕಥೆಯನ್ನೆಲ್ಲ ಹೇಳಿದೆ.
ಕೇಳಿದ. ಪಾಪ, ಅಂದ.
ಪೆಟ್ಟಿಗೆಗೆ ಎಂಬತ್ತು ಕಡಿದ.

ಅದಿರಲಿ. ಮುಲ್ಕಿಯವರೆಗೆ ಮಾರುತಿ ಮುಂದೆ, ನಾನು ಹಿಂದೆ,
ಮೂವತ್ತರ ಸ್ಪೀಡು.
ನನ್ನ ಹಿಂದಿನವರ ಹಾರ್ನು ಕೇಳಬಾರದು.
ಕಿನ್ನಿಗೋಳಿಯ ತಿರುವು ಬಂತು.
ಕಿಟಕಿಯಿಂದ ಒಂದು ತೋಳು ಹೊರಗೆ ಚಾಚಿತು,
ಬಿಳಿ ತೋಳು, ಮಡಚಿದ ಅಂಗಿ,
ಗಾಳಿಯಲ್ಲಿ ದೊಡ್ಡದಾಗಿ ಒಂದು ಸುತ್ತು ಸುತ್ತಿತು,
ಹಿಂದೆ ಐವತ್ತು ಜನ ಜೋತುಬಿದ್ದಿರುವ ಬಸ್ಸನ್ನು
ಎಡಕ್ಕೆ ತರುತ್ತಿರುವ ಹಾಗೆ.
ಇಂಡಿಕೇಟರೂ ಉರಿಯುತ್ತಲೇ ಇತ್ತು.