ಕಾಲು ಕಿಲೋ ನವಣೆ

ತೀನ್ ಕಂದೀಲಿನಿಂದ ಎರಡು ಗಲ್ಲಿ ಆಚೆ ನಮ್ಮ ಅಂಗಡಿ.
ಸಾವಯವ ಎಂದು ಹಸಿರು ಬೋರ್ಡು.
ಮಾಲೀಕರು ಬೇರೆ, ತಕ್ಕಡಿ ನನ್ನದು.

ಡಾಕ್ಟರ ಚೀಟಿ ಬಿಸಿಯಿದ್ದಾಗಲೇ
ಬಂದರು ಗುತ್ತಿಗೆದಾರ ಪಂಪಾಪತಿ.
ನವಣೆ ಐದು ಕಿಲೋ, ಸಜ್ಜೆ ಐದು, ಕೊರಲೆ ಎರಡು,
ಗಾಣದೆಣ್ಣೆ, ಜೋನಿಬೆಲ್ಲ,
"ಇದ್ಯಾವುದವ್ವ? ಇರಲಿ, ಇದೂ ಹಾಕು."
ಬಿಲ್ಲು ಕಟ್ಟಿದ್ದಕ್ಕೇ ಅರ್ಧ ರೋಗ ಇಳಿದವರಂತೆ
ಹಗುರಾಗಿ ಕಾರು ಹತ್ತಿದರು.

ತಾಯಮ್ಮ ಟೀಚರು ಬರುವುದು ಮಂಗಳವಾರ, ನಡೆದುಕೊಂಡು.
ತೊಳೆದು ಒಣಗಿಸಿದ ಅದೇ ಬಟ್ಟೆಚೀಲ,
ಅದೇ ಮಾತು: "ಕಾಲು ಕಿಲೋ."
ಒಂದು ವಾರ ಬರಲಿಲ್ಲ. ಮಾನ್ವಿಗೆ, ಮಗಳ ಮನೆಗೆ ಹೋಗಿದ್ದರಂತೆ.
ಮುಂದಿನ ವಾರ ನಾನೇ ಅರ್ಧ ಕಿಲೋ ತೂಗಿ ಇಟ್ಟಿದ್ದೆ.
ಅದರಲ್ಲಿ ಅರ್ಧ ತಿರುಗಿ ತಕ್ಕಡಿಗೇ ಸುರಿದರು:
"ಉಣ್ಣಲಾರದ ವಾರದ್ದು ಯಾಕ ಒಯ್ಯಲಿ?"

ನಾನೇನು ಉಣ್ಣುತ್ತಿದ್ದೆ, ಕೇಳಬೇಡಿ.
ಮಧ್ಯಾಹ್ನ ಚಹಾದಲ್ಲಿ ಅದ್ದಿದ ಬನ್ನು.
ಶಟರ್ ಎಳೆದ ಮೇಲೆ ಮಹಬೂಬನ ಬಂಡಿ,
ಮಂಡಾಳು ಒಗ್ಗರಣೆ, ಮೇಲೆ ನಾಲ್ಕು ಮಿರ್ಚಿ.
ಎಣ್ಣೆ ಕುಡಿದ ಪೇಪರಿನಲ್ಲಿ
ನಿನ್ನೆಯ ಸುದ್ದಿಯ ಆಚೆ ಮಗ್ಗುಲೂ ಕಾಣುತ್ತಿತ್ತು.
ಉಗುರಿನ ಸಂದಿಯಲ್ಲಿ ಇನ್ನೂ ನವಣೆಯ ಧೂಳು.

ಯುಗಾದಿ ಎದುರಿಗೆ ಪಂಪಾಪತಿ ಮತ್ತೆ ಬಂದರು,
ಕೈಯಲ್ಲಿ ದಸರೆಯ ಚೀಲ.
ಹೊಲಿಗೆ ಬಿಚ್ಚಿರಲಿಲ್ಲ. ಹುಳ ಮಾತ್ರ ಒಳಗೆ ಹೋಗಿದ್ದವು.
"ಇಷ್ಟು ರೊಕ್ಕ ತಗೊಂಡು ಹುಳ ಮಾರ್ತೀರೇನು?"
ಔಷಧ ಕಾಣದ ಕಾಳು ಸರ್,
ನೀವು ಉಣ್ಣದಿದ್ದರೆ ಯಾರಾದರೂ ಉಣ್ಣಬೇಕಲ್ಲ
ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿ
ರೊಕ್ಕ ಎಣಿಸಿ ಕೊಟ್ಟೆ.

"ಚೆಲ್ಲಿಬಿಡು" ಅಂದರು ಮಾಲೀಕರು ಫೋನಿನಲ್ಲಿ.
ಕೈ ಬರಲಿಲ್ಲ. ಸೈಕಲ್ಲಿಗೆ ಕಟ್ಟಿ ಮನೆಗೆ ಒಯ್ದೆ,
ಮಾಳಿಗೆಯ ಮೇಲೆ ಅವ್ವನ ಹಳೆ ಸೀರೆ ಹಾಸಿ ಹರವಿದೆ.
ರಾಯಚೂರಿನ ಬಿಸಿಲಿಗೆ ಬಿಲ್ಲಿಲ್ಲ, ಬೋರ್ಡಿಲ್ಲ.
ಒಂದು ತಾಸಿನೊಳಗೆ ಹುಳ ಸಾಲು ಹಿಡಿದು
ಸೀರೆಯ ಅಂಚು ದಾಟಿ ಹೋದವು,
ಒಂದೊಂದೂ ದುಂಡಗೆ, ಗಟ್ಟಿಮುಟ್ಟಾಗಿ.

ಕೇರಿದೆ, ಜಾಲಿಸಿದೆ.
ಆ ರಾತ್ರಿ ನವಣೆ ಅನ್ನ, ಪುಂಡಿಪಲ್ಯ, ಜಜ್ಜಿದ ಉಳ್ಳಾಗಡ್ಡಿ.
ಮೂರು ವರ್ಷ ಬರೀ ತೂಗಿದ್ದು
ಮೊದಲ ತುತ್ತಿಗೆ ಗಂಟಲಲ್ಲಿ ನಿಂತಿತು.
ನೀರು ಕುಡಿದೆ. ಎರಡನೆಯದು ಇಳಿಯಿತು.
ಅವ್ವ ಏನೂ ಅನ್ನದೆ ಇನ್ನೊಂದು ಸೌಟು ಬಡಿಸಿದಳು.

ನಾಲ್ಕು ದಿನ ಬಿಟ್ಟು ಮಹಬೂಬ ಕೇಳಿದ:
"ಯಾಕಕ್ಕ, ಈ ಕಡೆ ಸುಳಿವೇ ಇಲ್ಲ?"
ಬಾಣಲೆಯಲ್ಲಿ ಮಿರ್ಚಿ ಆಗಷ್ಟೇ ಮಗ್ಗುಲು ಹೊರಳುತ್ತಿದ್ದವು.
"ಎರಡು ಹಾಕು" ಅಂದೆ.
ಸ್ವಲ್ಪ ಹೊತ್ತು ಬಿಟ್ಟು,
"ಮೂರು."