ಒಂದು ನೂಲು

ಎಲ್ಲಿ ನಿಂತಿದ್ದೆ ಅಂತ ನನ್ನ ಕೇಳಬೇಕಿಲ್ಲ,
ನೆಲ ನೋಡಿದರೆ ಸಾಕು.
ಕೌಲ್ ಬಜಾರಿನಲ್ಲಿ ಜಿಪ್ಪು ಹಚ್ಚುವ ಮನೆ ಮುಂದೆ ಮೂರು ಹನಿ,
ಕಾಜಾ ಹೊಡೆಯುವ ಶೆಡ್ಡಿನ ಹತ್ತಿರ ಐದು,
ರೂಪನಗುಡಿ ರಸ್ತೆಯ ಚಹಾದಂಗಡಿ ಎದುರು
ರೊಟ್ಟಿಯಗಲದ ಕಪ್ಪು.
ಆ ದಾರಿಯಲ್ಲಿ ಸಂತೆಗೆ ಹೋಗಿಬಂದ ಗಾದೆಮ್ಮ
ರಾತ್ರಿ ತಟ್ಟೆ ಇಡುತ್ತಾ ಅಂದಳು:
'ಒಂದು ಚಹಾಕ್ಕೆ ಅಷ್ಟು ಸೋರಂಗಿಲ್ಲ ಬಿಡು.'

ಮೊದಲ ಸೀಲು ಯುಗಾದಿಗೆ ಮುಂಚೆ.
ಎರಡನೆಯದು ಮೊಹರಮ್ಮಿನ ಹೊತ್ತಿಗೆ.
ಮೂರನೆಯದಕ್ಕೆ ಕಂಪನಿ ಮಾಲು ಅಂತ ಡಬ್ಬಿ ತೋರಿಸಿ
ಎರಡು ಪಟ್ಟು ತಗೊಂಡ ಅಂಗಡಿಯವ.
ಡಬ್ಬಿ ಇನ್ನೂ ಇದೆ, ಮಗಳು ಅದರಲ್ಲಿ
ಜೀನ್ಸಿನ ಹಿತ್ತಾಳೆ ಗುಂಡಿ ಕೂಡಿಡುತ್ತಾಳೆ.
ಪ್ರತಿ ಸಲ ಎಂಟು ದಿನ ಸುಖ,
ಆಮೇಲೆ ಎರಡನೇ ಗೇರಿನಲ್ಲಿ ಒಂದು ಗೊಣಗು.
ಕೆಳಗೆ ತೂರಿ ಬೆರಳಾಡಿಸಿದರೆ
ಅದೇ ಗಂಧಕದ ವಾಸನೆ. ಸೋಪಿಗೆ ಹೋಗದ್ದು,
ಅನ್ನದ ಜೊತೆ ಬಾಯಿಗೆ ಬರುವುದು.

ಒಮ್ಮೆ ಆ ಹೆಬ್ಬೆರಳೇ ಒತ್ತಿಬಿಟ್ಟಿತ್ತು
ಗಂಟಿನ ಮೇಲಿದ್ದ ಪ್ಯಾಂಟಿನ ತೊಡೆಗೆ.
ಸೇಠು ಬೆಳಕಿಗೆ ಹಿಡಿದು ನೋಡಿ ಬಾಡಿಗೆಯಲ್ಲಿ ಮುರಿದುಕೊಂಡ.
ಮುರಿದುಕೊಳ್ಳಲಿ.
ಆದರೆ ಅವನ ಬೆನ್ನ ಹಿಂದೆಯೇ, ಮುಂಡ್ರಗಿಯ ಆ ಶೆಡ್ಡಿನಲ್ಲಿ,
ಡ್ರಮ್ಮಿಗೆ ಕಲ್ಲು ಸುರಿದು ಹೊಸ ಬಟ್ಟೆ ತಿರುಗಿಸುತ್ತಿದ್ದರು.
ಮೊಣಕಾಲು ಸವೆದಷ್ಟೂ ರೇಟು ಹೆಚ್ಚು.
ನಾನು ನೀಲಿ ನೀರು ಹರಿಯುವ ಚರಂಡಿ ದಾಟಿ ಬಂದು
ಗಾಡಿ ಸ್ಟಾರ್ಟ್ ಮಾಡಿದೆ.
ಅಲ್ಲೂ ಬಿದ್ದಿತ್ತು, ನಾಲ್ಕು.

ಖಲಂದರ್ ಚಾಚಾ ಮೂರೂ ಹಳೇ ಸೀಲು ತರಿಸಿಕೊಂಡ.
ಅಂಗೈ ಮೇಲಿಟ್ಟು, ಬಳೆ ನೋಡಿದಂತೆ ತಿರುವಿ ನೋಡಿ
ಮೂಲೆಗೆ ಒಗೆದ.
'ಇವುಕ್ಕೇನ್ ಆಗಿಲ್ಲಪ್ಪ. ಬಾ, ಇಲ್ಲಿ ಉಗುರು ಹಚ್ಚು.'
ಹಚ್ಚಿದೆ.
ಕಬ್ಬಿಣದ ಮೈಸುತ್ತ, ಕೂದಲೆಳೆಯಷ್ಟು,
ಒಂದು ಗೀರು. ಉಗುರು ಅಲ್ಲಿ ನಿಂತಿತು.

ಎಂಟು ವರ್ಷ
ಮೆತ್ತನೆ ರಬ್ಬರಿನ ತುಟಿಯೊಂದು ಅದನ್ನೇ ತಬ್ಬಿ ಕೂತು
ಕಬ್ಬಿಣ ತಿಂದಿತ್ತು.
ಹೊಸ ತುಟಿ ತಂದು ತಂದು
ಅದೇ ಗೀರಿಗೇ ಕೂಡಿಸುತ್ತಿದ್ದೆವು.

'ಶಾಫ್ಟು ಹೊಸದು ಹಾಕಿದ್ರೆ ನಿನ್ನ ಆರು ತಿಂಗಳ ದುಡಿಮೆ.
ಬ್ಯಾಡ. ಸೀಲು ಒಂದ್ ನೂಲು ಆಚೆ ಕೂಡಸ್ತೀನಿ.
ಅಲ್ಲಿ ಇನ್ನೂ ನುಣ್ಣಗೈತಿ.'
ಒಂದು ನೂಲು!
ದಿನಕ್ಕೆ ಇನ್ನೂರು ಪ್ಯಾಂಟಿನ ನೂಲು ಹೊರುವವನಿಗೆ
ನಗು ಬಂತು. ಚಾಚಾ ನಗಲಿಲ್ಲ.
ಮರದ ತುಂಡಿಟ್ಟು, ಸುತ್ತಿಗೆಯಿಂದ,
ನಿದ್ದೆಗೆ ಮಗು ತಟ್ಟುವಂತೆ ತಟ್ಟಿದ,
ಕಿವಿ ಕೊಟ್ಟು, ನಿಲ್ಲಿಸಿ, ಮತ್ತೊಂದು ಸಲ.

ಹನ್ನೊಂದು ರಾತ್ರಿ ಆಯಿತು.
ಗಾಡಿಯ ಕೆಳಗೆ ಹಾಸುತ್ತೇನೆ ಈಗಲೂ
ರಿಜೆಕ್ಟಾದ ಪ್ಯಾಂಟಿನ ಒಂದು ಕಾಲು.
ಬೆಳಗ್ಗೆ ಎತ್ತಿ ನೋಡಿದರೆ ಬರೀ ನೀಲಿ.
ಗಾದೆಮ್ಮ ಅನ್ನುತ್ತಾಳೆ, ಈಗ ನೀ ಎಲ್ಲಿದ್ದಿ
ಅಂತನೇ ಗೊತ್ತಾಗವಲ್ದು.
ಇವತ್ತೂ ಬಟ್ಟೆ ಒಣಗಿತ್ತು.
ಎತ್ತಿದೆ, ಕೊಡವಿದೆ,
ಯಾರೂ ಇಲ್ಲದ್ದು ನೋಡಿ
ಮೂಸಿದೆ.