ಕಾಂಡಕೊರಕ

ಗೋಣಿಕೊಪ್ಪದಲ್ಲಿ, ಟಯರ್ ಅಂಗಡಿಯ ಮೇಲಿನ ಬಾರಿನಲ್ಲಿ
ನಾನು ಬಿಲ್ಲು ಬರೆಯುವವನು.
ಸಂಗೀತ ನನಗೆ ತಿಳಿಯದು. ತಿಳಿದಷ್ಟು
ಬಿಲ್ಲಿನ ಬೆನ್ನಲ್ಲಿದೆ.

ಮೊದಲ ಶನಿವಾರ: ಆಮ್ಲೆಟ್ ಮೂರು, ಕ್ವಾರ್ಟರ್ ಒಂದು,
ಒಡೆದ ಗ್ಲಾಸು ಎರಡು. ಕೇಳಿದವರು ಐವರು,
ಅದರಲ್ಲೂ ಇಬ್ಬರು, ಹಾಕಿ ಮ್ಯಾಚಿದೆ,
ಟಿವಿ ಜೋರು ಮಾಡು ಎಂದವರು.

ಗಿಟಾರು ಬೆಳ್ಯಪ್ಪ. ಅಜ್ಜನ ಕೋವಿ ಮಾರಿ ತಂದ ಎಂದಿತು ಊರು.
ಮಾರಿದ್ದು ಬುಲೆಟ್ಟು. ಬೈಕು ಮಾರಾಯರೆ, ಬೈಕು,
ಎಷ್ಟು ಜನಕ್ಕೆ ಹೇಳಲಿ ನಾನು.
ಬೇಸು, ಕೆಳಗಿನ ಅಂಗಡಿಯ ಶಂಸೀರ್:
ಬೆರಳ ಸಂದಿನ ಗ್ರೀಸು ತಂತಿಗೂ ಹತ್ತಿ
ಸ್ವರ ಕೊಂಚ ಜಾರುತ್ತಿತ್ತು, ಅದೇ ಚೆನ್ನಾಗಿತ್ತು.
ಡ್ರಮ್ಮಿಗೆ ಮೇದರ ಚಿಣ್ಣ.
ಹಾಡುವವಳು ಸೆಲ್ವರಾಣಿ, ಲೈನ್‌ಮನೆಯಲ್ಲಿ ಹುಟ್ಟಿ
ಕಣದಲ್ಲಿ ಕಾಫಿ ಕೆದಕುತ್ತ ಕಿರುಚಲು ಕಲಿತವಳು.

ಹಾಡೆಂದರೆ ಎರಡು ನಿಮಿಷ. ಪಲ್ಲವಿಯಿಲ್ಲ, ಪೀಠಿಕೆಯಿಲ್ಲ.
ಗೋಣಿಯ ತೂಕ ಕಳೆ!
ಒದ್ದೆಯ ತೂಕ ಕಳೆ!
ನನ್ನ ತೂಕ ಕಳೆ, ಉಳಿದದ್ದು ಕೊಡು!
ಆಮೇಲೆ ಬರೀ ಸದ್ದು, ಪಲ್ಪರಿನೊಳಗೆ
ಕಲ್ಲು ಬಿದ್ದ ಹಾಗೆ.

ಹೆಸರು ಕೇಳಿ, ಮೂಲೆಯ ಮೇಜಿನ ಸಾಹುಕಾರರು
ಗ್ಲಾಸು ಕೆಳಗಿಟ್ಟರು. ಆ ಹುಳಕ್ಕೆ
ಎಂಟು ಎಕರೆ ಕಿತ್ತು ಸುಟ್ಟವ ನಾನು.
ಮೇಲೆ ಎಲೆ ಹಸಿರೇ ಇರ್ತದೆ,
ಹಿಡಿದು ಅಲ್ಲಾಡಿಸಿದರೆ ಗಿಡ ಕೈಗೆ ಬರ್ತದೆ.
ಅದಕ್ಕೇ ಆ ಹೆಸರು, ಅಂದಳು ಸೆಲ್ವರಾಣಿ.

ಮೊದಲ ಸಂಬಳ ಆನೆಯ ಲೆಕ್ಕದಲ್ಲಿ ಬಂತು.
ತಿತಿಮತಿ ಕಡೆಯ ತೋಟದ ರೈಟರು ಕರೆದಿದ್ದ:
ಪಟಾಕಿ ಹೊಡೆದು ಸಾಕಾಯಿತು, ನೀವಾದರೂ ಓಡಿಸಿ.
ಜೀಪಿನ ಮೇಲೆ ಸ್ಪೀಕರು, ಟಾರ್ಚಿನ ಬೆಳಕು.
ಒಂಟಿಸಲಗ ಹಲಸಿನ ಬುಡದಲ್ಲಿ ನಿಂತು
ಒಂಬತ್ತು ಹಾಡೂ ಕೇಳಿತು, ಕಿವಿ ಬೀಸದೆ,
ಸೊಳೆ ಮುಗಿದ ಮೇಲೆ ತಾನಾಗಿ ಹೋಯಿತು.
ರೈಟರು ಅರ್ಧ ದುಡ್ಡು ಕೊಟ್ಟ.
ಆ ವಿಡಿಯೊ ಮಾತ್ರ ಕುಟ್ಟದಿಂದ ಕುಶಾಲನಗರಕ್ಕೆ
ಒಂದೇ ರಾತ್ರಿಯಲ್ಲಿ ನಡೆದುಬಿಟ್ಟಿತು.

ಆಮೇಲಿನ ಶನಿವಾರಗಳು ನನಗೆ ಸರಿಯಾಗಿ ನೆನಪಿಲ್ಲ,
ಕೈ ಬಿಡುವಿರಲಿಲ್ಲ. ಮೆಟ್ಟಿಲ ತುಂಬ ಜನ, ಟಯರುಗಳ ಮೇಲೆ ಜನ,
ಹೋಮ್‌ಸ್ಟೇಯವರು, ಪೊನ್ನಂಪೇಟೆಯ ಕಾಲೇಜು ಹುಡುಗರು,
ಹುಡುಗಿಯರೂ. ಪಂದಿ ಕರಿ ಎಂಟಕ್ಕೇ ಖಾಲಿ.
ನೆಲ ನಡುಗಿ ಶೆಲ್ಫಿನ ರಮ್ಮು ಒಂದೊಂದೇ ಇಂಚು
ಮುಂದೆ ಬರುತ್ತಿತ್ತು, ಕೇಳಿಸಿಕೊಳ್ಳಲು ಬಂದಂತೆ.

ಅದೇ ತಿಂಗಳು ಚೆಕ್‌ರೋಲಿನಿಂದ
ಸೆಲ್ವರಾಣಿಯ ತಾಯಿಯ ಹೆಸರು ಹೊಡೆದರು.
ಕಾರಣ ಯಾರೂ ಹೇಳಲಿಲ್ಲ. ಹಾಡಿಗೆ
ಇನ್ನೊಂದು ಸಾಲು ಸೇರಿತು: ನನ್ನ ಹೆಸರು ಕಳೆ!
ಆ ಸಾಲಿಗೆ ಇಡೀ ಬಾರು ಮುಷ್ಟಿ ಎತ್ತಿತು,
ಮೂಲೆಯ ಸಾಹುಕಾರರೂ ಎತ್ತಿದರು,
ಹೊಡೆಸಿದವರು ಅವರೇ ಎಂದು ಆಮೇಲೆ ತಿಳಿಯಿತು.

ಒಂದು ರಾತ್ರಿ ಚಿಣ್ಣನ ಅಪ್ಪ ಬಂದ.
ನಲವತ್ತು ವರ್ಷ ಮದುವೆ ಚಪ್ಪರಗಳ ಅಂಚಿನಲ್ಲಿ
ಪರೆ ಬಾರಿಸಿ ಊರನ್ನೆಲ್ಲ ಕುಣಿಸಿದವನು,
ಇಲ್ಲಿಯೂ ಬಾಗಿಲ ಅಂಚಿನಲ್ಲೇ ನಿಂತ.
ಕುರ್ಚಿ ಕೊಟ್ಟೆ. ಕೂರಲಿಲ್ಲ.
ನಟ್ಟನಡುವೆ, ಎತ್ತರದ ಸ್ಟೂಲಿನ ಮೇಲೆ, ಎಲ್ಲರ ಬೆಳಕನ್ನೂ
ತಾನೇ ಹೊದ್ದು ಕೂತಿದ್ದ ಮಗನನ್ನು ನೋಡಿದ.
ಬಹಳ ಹೊತ್ತು ನೋಡಿದ.
ಹೋಗುವಾಗ ನನಗಂದ: ಹೇಳಿ ಅವನಿಗೆ,
ಎಡಗೈ ಆತುರ ಪಡ್ತದೆ.

ನಾನು ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

ಈಗ ಮೈಸೂರಿಗೆ ಹೋಗಿದ್ದಾರೆ, ದೊಡ್ಡ ವೇದಿಕೆಯಂತೆ,
ಪೋಸ್ಟರಿನಲ್ಲಿ ಹೆಸರು ತಪ್ಪಾಗಿ ಬಿದ್ದಿದೆಯಂತೆ.
ಇವತ್ತು ಶನಿವಾರ. ಆಮ್ಲೆಟ್ ಎರಡು, ಸೋಡಾ ಒಂದು.
ಟಿವಿ ಜೋರಾಗಿದೆ.
ಕಡದ ಪುಸ್ತಕದಲ್ಲಿ ಕಾಂಡಕೊರಕ, ಬಾಕಿ
ನಾಲ್ಕು ಸಾವಿರದ ಮುನ್ನೂರ ಹತ್ತು.
ಮಾಲೀಕರು ಹೊಡೆದುಹಾಕು ಎಂದರು.
ಹಾಗೇ ಇಟ್ಟಿದ್ದೇನೆ.